ಸ್ಪ್ಯಾನಿಷ್‌ನಲ್ಲಿ "ನನಗೆ ನೀಲಿ ಬಣ್ಣ ಇಷ್ಟ" ಎನ್ನುವುದು ಹೇಗೆ? "ಯೊ ಗುಸ್ತೊ ಅಸೂಲ್" ಯಾಕೆ ತಪ್ಪು?

ನಿಮ್ಮ ವಾಕ್ಯ ಇಂಗ್ಲಿಷಿನ "ಐ ಲೈಕ್ ಬ್ಲೂ" ದಾರಿ ಹಿಡಿದು ಬಂದಿದೆ, ಅದಕ್ಕೇ ಎಡವಿದೆ. ಕನ್ನಡದಿಂದ ನೇರವಾಗಿ ಹೋಗಿ ನೋಡಿ. "ಇಷ್ಟಪಡುತ್ತೇನೆ" ಅನ್ನುವುದನ್ನು ಪಕ್ಕಕ್ಕಿಟ್ಟು "ಹಿಡಿಸುತ್ತದೆ" ಅನ್ನುವ ಮಾತನ್ನು ತೆಗೆದುಕೊಳ್ಳಿ. "ನನಗೆ ನೀಲಿ ಹಿಡಿಸುತ್ತದೆ" ಎಂಬಲ್ಲಿ ಕರ್ತೃ ನೀಲಿ, ನಾನಲ್ಲ. ಸ್ಪ್ಯಾನಿಷ್ ಹೇಳುವುದೂ ಇದನ್ನೇ: "ಮೆ ಗುಸ್ತಾ ಎಲ್ ಅಸೂಲ್". ಮೆ ಅಂದರೆ ನನಗೆ, ಗುಸ್ತಾ ಅಂದರೆ ಹಿಡಿಸುತ್ತದೆ, ಎಲ್ ಅಸೂಲ್ ಅಂದರೆ ನೀಲಿ.

ಬಣ್ಣ ಎರಡಾದರೆ ನಮ್ಮಲ್ಲಿ "ಹಿಡಿಸುತ್ತವೆ" ಆಗುವ ಹಾಗೆ ಅಲ್ಲಿ "ಗುಸ್ತಾನ್" ಆಗುತ್ತದೆ: "ಮೆ ಗುಸ್ತಾನ್ ಎಲ್ ಅಸೂಲ್ ಇ ಎಲ್ ಬೆರ್ದೆ", ನನಗೆ ನೀಲಿ, ಹಸಿರು ಎರಡೂ ಹಿಡಿಸುತ್ತವೆ. ಇಷ್ಟಪಡುವವರು ಎಷ್ಟೇ ಜನ ಇರಲಿ, ಕ್ರಿಯಾಪದ ನೋಡುವುದು ಬಣ್ಣದ ಲೆಕ್ಕವನ್ನು ಮಾತ್ರ. "ನೋಸ್ ಗುಸ್ತಾ ಎಲ್ ರೋಹೊ" ಅಂದರೆ ನಮಗೆ ಕೆಂಪು ಹಿಡಿಸುತ್ತದೆ. ಜನ ಬದಲಾದಾಗ ಬದಲಾಗುವುದು ಕ್ರಿಯಾಪದಕ್ಕೆ ಮೊದಲು ಬರುವ ಚಿಕ್ಕ ಪದ: ಮೆ (ನನಗೆ), ತೆ (ನಿನಗೆ), ಲೆ (ಅವನಿಗೆ, ಅವಳಿಗೆ, ಗೌರವದ ನಿಮಗೆ), ನೋಸ್ (ನಮಗೆ), ಲೆಸ್ (ಹಲವರಾದಾಗ ಅವರಿಗೆ). ಸ್ಪೇನ್‌ನಲ್ಲಿ ಸಲುಗೆಯ ಬಹುವಚನದ "ನಿಮಗೆ" ಅನ್ನಲು ಓಸ್ ಕೂಡ ಇದೆ.

"ಎಲ್" (ಇಂಗ್ಲಿಷಿನ "ದಿ" ಹಾಗೆ) ಬಿಡಬೇಡಿ. ನಮ್ಮ ಭಾಷೆಯಲ್ಲಿ ಅಂಥ ಪದವೇ ಇಲ್ಲದ ಕಾರಣ ನಮ್ಮವರು ಇದನ್ನು ಸುಲಭವಾಗಿ ಮರೆಯುತ್ತಾರೆ. ಬಣ್ಣವನ್ನು ನಾಮಪದವಾಗಿ ಹೇಳಿದಾಗ ಅದು ಪುಲ್ಲಿಂಗ, ಮುಂದೆ ಎಲ್ ಬರಬೇಕು. ರೋಸಾ (ಗುಲಾಬಿ), ನರಾನ್ಹಾ (ಕಿತ್ತಳೆ) "ಆ"ದಲ್ಲಿ ಮುಗಿದರೂ ಬಣ್ಣವಾದಾಗ ಎಲ್ ರೋಸಾ, ಎಲ್ ನರಾನ್ಹಾ. "ಲಾ ರೋಸಾ" ಅಂದರೆ ಗುಲಾಬಿ ಹೂವಾಯಿತು, "ಲಾ ನರಾನ್ಹಾ" ಅಂದರೆ ಕಿತ್ತಳೆ ಹಣ್ಣು.

ಕನ್ನಡದ ದಾರಿ ಕೈಕೊಡುವ ಜಾಗವೂ ಒಂದಿದೆ. "ಅಮ್ಮನಿಗೆ ಹಸಿರು ಇಷ್ಟ" ಅನ್ನಲು "ಅ ಮಿ ಮಾದ್ರೆ ಗುಸ್ತಾ ಎಲ್ ಬೆರ್ದೆ" ಎಂದರೆ ಸಾಲದು. "ಅ ಮಿ ಮಾದ್ರೆ ಲೆ ಗುಸ್ತಾ ಎಲ್ ಬೆರ್ದೆ" ಆಗಬೇಕು. ಅಮ್ಮನಿಗೆ ಎಂದಾದ ಮೇಲೂ "ಅವಳಿಗೆ" ಎಂದು ಮತ್ತೊಮ್ಮೆ ಹೇಳಿದಂತೆ. ನಮಗೆ ಅದು ಹೆಚ್ಚುವರಿ ಅನಿಸುತ್ತದೆ, ಸ್ಪ್ಯಾನಿಷ್‌ನವರಿಗೆ ಅದಿಲ್ಲದೆ ವಾಕ್ಯವೇ ನಿಲ್ಲುವುದಿಲ್ಲ.

ಇನ್ನೊಬ್ಬರು "ಮೆ ಗುಸ್ತಾ ಎಲ್ ನೆಗ್ರೊ" (ನನಗೆ ಕಪ್ಪು ಇಷ್ಟ) ಎಂದಾಗ "ಯೊ ತಂಬ್ಯೆನ್" ಅನ್ನಬೇಡಿ. ಅದು "ನಾನೂ" ಎಂದ ಹಾಗೆ. "ನನಗೂ" ಅನ್ನಲು "ಅ ಮಿ ತಂಬ್ಯೆನ್". ಅವರು ಇಷ್ಟವಿಲ್ಲ ಎಂದು, ನಿಮಗೂ ಇಲ್ಲದಿದ್ದರೆ "ಅ ಮಿ ತಾಂಪೊಕೊ". ಇಷ್ಟವಿಲ್ಲ ಅನ್ನುವುದು ಸುಲಭ, ಮುಂದೆ ನೊ ಸೇರಿಸಿದರಾಯಿತು: "ನೊ ಮೆ ಗುಸ್ತಾ ಎಲ್ ಗ್ರಿಸ್", ನನಗೆ ಬೂದು ಬಣ್ಣ ಹಿಡಿಸುವುದಿಲ್ಲ. ತುಂಬಾ ಇಷ್ಟ ಎಂದರೆ "ಮೆ ಗುಸ್ತಾ ಮೂಚೊ" ಅಥವಾ "ಮೆ ಎನ್ಕಾಂತಾ". ಎನ್ಕಾಂತಾ ಒಳಗೇ "ತುಂಬಾ" ಇದೆ, ಅದರ ಜೊತೆ ಮೂಚೊ ಹಾಕಬೇಡಿ.

ಎರಡರಲ್ಲಿ ಒಂದನ್ನು ಆರಿಸುವಾಗ ಪ್ರೆಫೆರೀರ್ ಎಂಬ ಕ್ರಿಯಾಪದ ಬೇಕು, ಅದರ ನಡೆಯೇ ಬೇರೆ. ಇಲ್ಲಿ ಕರ್ತೃ ನೀವೇ, "ಮೆ" ಬರುವುದಿಲ್ಲ: "ಪ್ರೆಫ್ಯೇರೊ ಎಲ್ ಬೆರ್ದೆ ಅಲ್ ಅಸೂಲ್", ನೀಲಿಗಿಂತ ನನಗೆ ಹಸಿರೇ ಬೇಕು. ಅ ಮತ್ತು ಎಲ್ ಕೂಡಿ ಅಲ್ ಆಗಿದೆ, ನಮ್ಮ "ಗಿಂತ" ಅದರಲ್ಲಿದೆ. ಅಲ್ಲಿ "ಕೆ" (ಬೇರೆ ಹೋಲಿಕೆಗಳಲ್ಲಿ ಬರುವ "ಗಿಂತ") ಹಾಕುವುದು ಸಾಮಾನ್ಯ ತಪ್ಪು. ಮೆಚ್ಚಿನ ಬಣ್ಣ ಕೇಳಲು "ಕ್ವಾಲ್ ಎಸ್ ತು ಕೊಲೊರ್ ಫಬೊರೀತೊ?" (ಕ್ವಾಲ್ ಅಂದರೆ ಯಾವುದು) ಎನ್ನಿ, "ಕೆ ಎಸ್" (ಏನು) ಎಂದಲ್ಲ.

ವಸ್ತುವಿನ ಬಣ್ಣ ಹೇಳುವಾಗ ಬಣ್ಣ ವಸ್ತುವಿನ ಹೆಸರಿನ ನಂತರ ಬರುತ್ತದೆ, ವಸ್ತುವಿನ ಲಿಂಗ ವಚನ ಹಿಡಿಯುತ್ತದೆ. ಕಮೀಸಾ (ಅಂಗಿ) ಸ್ತ್ರೀಲಿಂಗ: ಕಮೀಸಾ ರೋಹಾ, ಹಲವಾದರೆ ಕಮೀಸಾಸ್ ರೋಹಾಸ್. ಬೆರ್ದೆ, ಅಸೂಲ್‌ಗೆ ಲಿಂಗದ ಗೊಡವೆ ಇಲ್ಲ, ಬಹುವಚನ ಮಾತ್ರ: ಬೆರ್ದೆಸ್, ಅಸೂಲೆಸ್. ತಿಳಿನೀಲಿ, ಕಡುನೀಲಿ ಎಂದು ಜೋಡಿಸಿದರೆ ಅದೂ ಇಲ್ಲ: ಕಮೀಸಾಸ್ ಅಸೂಲ್ ಕ್ಲಾರೊ.

ಅಂಗಡಿಯಲ್ಲಿ ಅಂಗಿಗಳ ಮುಂದೆ ನಿಂತು "ನೀಲಿಯದು" ಅನ್ನುತ್ತೇವಲ್ಲ, ಅದಕ್ಕೆ ಸ್ಪ್ಯಾನಿಷ್‌ನಲ್ಲಿ "ಲಾ ಅಸೂಲ್". ಅಂಗಿ ಎಂಬ ಪದ ಬಾಯಿಗೆ ಬರದಿದ್ದರೂ ಅದರ ಲಿಂಗ "ಲಾ"ದಲ್ಲಿ ಉಳಿದಿರುತ್ತದೆ. "ಪ್ರೆಫ್ಯೇರೊ ಲಾ ಅಸೂಲ್" ಎಂದರೆ ನೀಲಿಯದೇ ಇರಲಿ. "ಎಲ್ ಅಸೂಲ್" ಎಂದರೆ ಅಂಗಡಿಯವರಿಗೆ ಅಂಗಿಯ ಬದಲು ಬೇರೆ ಪುಲ್ಲಿಂಗದ ವಸ್ತುವೋ, ಬರೀ ಬಣ್ಣವೋ ಎಂಬ ಗೊಂದಲ. ಸ್ಪೇನ್‌ನ ಫುಟ್‌ಬಾಲ್ ತಂಡ "ಲಾ ರೋಹಾ" ಆಗಿರುವುದು, ಉರುಗ್ವೆಯದು "ಲಾ ಸೆಲೆಸ್ತೆ" (ಆಕಾಶನೀಲಿಯದು) ಆಗಿರುವುದು ಇದೇ ಲೆಕ್ಕದಲ್ಲಿ: ತಂಡಕ್ಕೆ ಅವರು ಬಳಸುವ ಸೆಲೆಕ್ಸಿಯೋನ್ ಎಂಬ ಪದ ಸ್ತ್ರೀಲಿಂಗ.

ಉಚ್ಚಾರಣೆಯಲ್ಲಿ ನಮಗೆ ಒಂದು ಅನುಕೂಲ ಇದೆ. ಗುಸ್ತಾದ "ತ" ನಮ್ಮ ತಬಲದ ತ, ಇಂಗ್ಲಿಷಿನ ಹಾಗೆ "ಟ" ಮಾಡಬೇಡಿ. ರೋಹೊದ ಮೊದಲ ರಕಾರವನ್ನು ನಾಲಿಗೆ ಉರುಳಿಸಿ ಒತ್ತಿ ಹೇಳಿ. ಅಸೂಲ್ ಲ್ಯಾಟಿನ್ ಅಮೆರಿಕದ ಉಚ್ಚಾರ, ಸ್ಪೇನ್‌ನ ಬಹುಭಾಗದಲ್ಲಿ ಆ "ಸ" ನಾಲಿಗೆ ತುದಿ ಹಲ್ಲಿನ ನಡುವೆ ಬಂದು "ಅಥೂಲ್" ಆಗುತ್ತದೆ. ಕಂದು ಬಣ್ಣಕ್ಕೆ ಸ್ಪೇನ್‌ನಲ್ಲಿ ಮರ್ರೋನ್, ಮೆಕ್ಸಿಕೊದಲ್ಲಿ ಕಫೆ. ನಿಮ್ಮ ಪಠ್ಯ ಯಾವ ದೇಶದ್ದೋ ನೋಡಿಕೊಂಡು ಒಂದನ್ನು ಹಿಡಿಯಿರಿ.