ಹುಬ್ಬಳ್ಳಿಯಿಂದ ಒಂದೇ ದಿನದಲ್ಲಿ ನವಲಗುಂದ, ಅಣ್ಣಿಗೇರಿಗಳಲ್ಲಿ ನೋಡುವಂಥದ್ದೇನಿದೆ?

ಎರಡೂ ಊರುಗಳನ್ನು ಒಂದೇ ದಿನದಲ್ಲಿ ನೋಡಬಹುದು. ಆದರೆ ಹೆಚ್ಚಿನ ಸಮಯವನ್ನು ನವಲಗುಂದಕ್ಕೆ ಕೊಡುವುದು ಒಳ್ಳೆಯದು. ಈ ಊರಿನ ಹೆಸರು ಜಮಖಾನಗಳಿಂದಲೇ ದೂರದವರೆಗೆ ತಲುಪಿದ್ದು, ಅವಕ್ಕೆ ಭೌಗೋಳಿಕ ಸೂಚಕದ (ಒಂದು ಊರಿನ ವಿಶಿಷ್ಟ ಉತ್ಪನ್ನವೆಂದು ಗುರುತಿಸುವ ಜಿಐ) ಮಾನ್ಯತೆಯೂ ದೊರೆತಿದೆ. ನೆಲಕ್ಕೆ ಲಂಬವಾಗಿ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ಬಣ್ಣದ ಹತ್ತಿ ನೂಲನ್ನು ಕೈಯಿಂದಲೇ ತೂರಿಸಿ, ಪಂಜದಂಥ ಕಬ್ಬಿಣದ ಸಾಧನದಿಂದ ಬಿಗಿಯಾಗಿ ಬಡಿದು ಕೂಡಿಸುವ ಈ ಕೆಲಸವನ್ನು ಬಹುತೇಕ ಮಹಿಳೆಯರೇ ಮಾಡುತ್ತಾರೆ. ನವಿಲು, ಪಗಡೆ ಹಾಸು ಮತ್ತು ಜ್ಯಾಮಿತಿಯ ಆಕೃತಿಗಳು ಇದರ ಗುರುತು. ಹಾಸುವ ಜಮಖಾನವಲ್ಲದೆ ನಮಾಜಿಗೆ ಬಳಸುವ ಜಾನಮಾಜ್ ಕೂಡ ಇಲ್ಲಿ ನೇಯಲಾಗುತ್ತದೆ. ಯಂತ್ರದಿಂದ ನೇಯ್ದ ಅಗ್ಗದ ಹಾಸುಗಳೊಡನೆ ಬೆಲೆಯಲ್ಲಿ ಸ್ಪರ್ಧಿಸುವುದು ಇದಕ್ಕೆ ಸಾಧ್ಯವಿಲ್ಲ. ಆದ್ದರಿಂದ ಚೌಕಾಸಿಗೆ ಇಳಿಯುವ ಮೊದಲು ಒಂದು ಹಾಸಿನ ಹಿಂದಿರುವ ದಿನಗಟ್ಟಲೆ ದುಡಿಮೆಯನ್ನು ಕಣ್ಣಾರೆ ನೋಡುವುದು ನ್ಯಾಯ.

1980ರ ಜುಲೈ ತಿಂಗಳ ರೈತ ಬಂಡಾಯ ನವಲಗುಂದವನ್ನು ಮತ್ತು ನೆರೆಯ ನರಗುಂದವನ್ನು ರಾಜ್ಯದ ರಾಜಕೀಯ ಇತಿಹಾಸಕ್ಕೆ ಸೇರಿಸಿತು.

ಅಣ್ಣಿಗೇರಿಯು ಗದಗಿನ ದಾರಿಯಲ್ಲಿದೆ. ಕಲ್ಯಾಣದ ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯ ಇಲ್ಲಿಯ ಮುಖ್ಯ ಸ್ಮಾರಕ. ಆದಿಕವಿ ಪಂಪನ ಜನ್ಮಸ್ಥಳವೆಂದೂ ಈ ಊರು ಪ್ರಸಿದ್ಧವಾಗಿದೆ. ಸಮಯ ಉಳಿದರೆ ಅದೇ ಹೆದ್ದಾರಿಯಲ್ಲಿ ಗದಗ ದಾಟಿ ಹಳೆಯ ದೇವಾಲಯಗಳ ಊರಾದ ಲಕ್ಕುಂಡಿಯವರೆಗೆ ಹೋಗಬಹುದಾದರೂ, ಆ ಊರಿಗೇ ಇನ್ನೊಂದು ದಿನವನ್ನು ಮೀಸಲಿಡುವುದು ಲೇಸು.