ಆ ಬುಡಾಪೆಸ್ಟ್ ಹಂಗೇರಿಯಲ್ಲಿಲ್ಲ

ಜಿಂಬಾಬ್ವೆಯ ಲೇಖಕಿ ನೋವಯಲೆಟ್ ಬುಲವಾಯೊಗೆ ಕೇನ್ ಪ್ರಶಸ್ತಿ ಬಂದಿದ್ದು ಕಾದಂಬರಿಗಾ ಕತೆಗಾ, ಅವರ 'ಹಿಟಿಂಗ್ ಬುಡಾಪೆಸ್ಟ್' ಕತೆ ನಡೆಯುವುದು ಹಂಗೇರಿಯಲ್ಲಾ ಅಂತ ಕೇಳಿದ್ದೀರಿ. ಬಂದಿದ್ದು ಆ ಒಂದೇ ಒಂದು ಸಣ್ಣ ಕತೆಗೆ, 2011ರಲ್ಲಿ. ಆ ಪ್ರಶಸ್ತಿ ಇರುವುದೇ ಹಾಗೆ, ಪುಸ್ತಕಕ್ಕಲ್ಲ, ಆಫ್ರಿಕಾದ ಲೇಖಕರೊಬ್ಬರ ಒಂದು ಕತೆಗೆ. ಆಗ ಮೊತ್ತ 10,000 ಪೌಂಡ್ ಇತ್ತು.

ಇನ್ನು ಹಂಗೇರಿಗೂ ಕತೆಗೂ ಸಂಬಂಧವೇ ಇಲ್ಲ. ಒಂದು ಕೊಳೆಗೇರಿ, ಅದರ ಹೆಸರು ಪ್ಯಾರಡೈಸ್ (ವ್ಯಂಗ್ಯ ನೋಡಿ!), ಅಲ್ಲಿನ ಮಕ್ಕಳು ಹಸಿವು ತಾಳಲಾರದೆ ಹತ್ತಿರದ ಶ್ರೀಮಂತರ ಬಡಾವಣೆಗೆ ಸೀಬೆಹಣ್ಣು ಕದಿಯಲು ಹೋಗುತ್ತಾರೆ, ಆ ಬಡಾವಣೆಯೇ ಬುಡಾಪೆಸ್ಟ್. ಅಲ್ಲಿ ಒಬ್ಬಳು ತಿನ್ನುತ್ತಿದ್ದುದನ್ನು ಮುಗಿಸದೆ ಕಸಕ್ಕೆ ಎಸೆಯುತ್ತಾಳೆ, ಮಕ್ಕಳು ನೋಡುತ್ತಾ ನಿಂತಿರುತ್ತಾರೆ. ನನಗೆ ಇಡೀ ಕತೆಯಲ್ಲಿ ಜಾಸ್ತಿ ಕಾಡಿದ್ದು ಅದೇ. ಕೊನೆ ಹೇಳಲ್ಲ, ನೀವೇ ಓದಿ.

ಲೇಖಕಿಯ ಹೆಸರಿನ ಬಗ್ಗೆಯೂ ಕೇಳಿದ್ರಲ್ಲ, ಅದು ಕಾವ್ಯನಾಮ. ವಯಲೆಟ್ ಅನ್ನೋದು ಅವರ ತಾಯಿಯ ಹೆಸರು, ಮಗಳು ಚಿಕ್ಕವಳಿದ್ದಾಗಲೇ ಆ ತಾಯಿ ತೀರಿಕೊಂಡರು. 'ನೋ' ಅಂದ್ರೆ ಇಂಗ್ಲಿಷಿನ 'ಇಲ್ಲ' ಅಲ್ಲ, ಜಿಂಬಾಬ್ವೆಯ ಎನ್‌ಡೆಬೆಲೆ ಭಾಷೆಯಲ್ಲಿ 'ಜೊತೆಗೆ' ಅಂತ. ಬುಲವಾಯೊ ಅನ್ನೋದು ಅವರ ಊರಿನ ಹೆಸರು.

ಮೊದಲು ಕತೆಯನ್ನೇ ಓದಿ. ಹಿಡಿಸಿದರೆ 2013ರ ಕಾದಂಬರಿ 'ವಿ ನೀಡ್ ನ್ಯೂ ನೇಮ್ಸ್' ತಗೊಳ್ಳಿ, ಈ ಕತೆಯೇ ಅದರ ಮೊದಲ ಅಧ್ಯಾಯ.