ಮಾರ್ಕರ್‌ನಲ್ಲಿ ಅತಿ ದೂರ ಇರುವ ಭತ್ತದ ಲೈನ್‌ಗಳನ್ನು ಕ್ರಾಸ್ ಮಾಡಿದರೆ ಒಳ್ಳೆಯ ಹೈಬ್ರಿಡ್ ಸಿಗುತ್ತದಾ?

ಎಂಎಸ್ಸಿ ಕೆಲಸಕ್ಕೆ 4 ಎ ಲೈನ್ (ಪರಾಗ ಬಂಜೆಯಾದ ತಾಯಿ), ಅವುಗಳ ಬಿ ಲೈನ್ (ಎ ಲೈನನ್ನು ಉಳಿಸಿಕೊಳ್ಳುವ ಜೋಡಿ), 26 ಆರ್ ಲೈನ್ (ಹೈಬ್ರಿಡ್‌ಗೆ ಫಲವತ್ತತೆ ಮರಳಿಸುವ ತಂದೆ) ಇವೆ ಅಂದಿದ್ದೀರಿ. ಎಸ್‌ಎಸ್‌ಆರ್ ಮಾರ್ಕರ್‌ನಿಂದ, ಅಂದರೆ ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ತುಣುಕುಗಳ ಗುರುತಿನಿಂದ, ಲೈನ್‌ಗಳ ಆನುವಂಶಿಕ ದೂರ ಅಳೆದು, ಅತಿ ದೂರದ ಜೋಡಿಯನ್ನೇ ಕ್ರಾಸ್ ಮಾಡಿದರೆ ಸಾಕಾ ಅನ್ನುವುದು ನಿಮ್ಮ ಪ್ರಶ್ನೆ. ಸಾಕಾಗುವುದಿಲ್ಲ. ಭತ್ತದ ತಳಿ ಅಭಿವೃದ್ಧಿಯಲ್ಲೇ ಕೆಲಸ ಮಾಡುವವನಾಗಿ ಹೇಳುತ್ತಿದ್ದೇನೆ, ಮಾರ್ಕರ್ ಇರುವುದು ಗೆಲ್ಲುವ ಜೋಡಿ ಆರಿಸುವುದಕ್ಕಲ್ಲ, ಬೇಡದ ಕ್ರಾಸ್‌ಗಳನ್ನು ಕೈಬಿಡುವುದಕ್ಕೆ.

ಎಸ್‌ಎಸ್‌ಆರ್ ತೋರಿಸುವುದು ಇಡೀ ಜೀನೋಮಿನ ಸರಾಸರಿ ವ್ಯತ್ಯಾಸ. ಇಳುವರಿಯ ಜೀನ್‌ಗಳಲ್ಲೂ ಅಷ್ಟೇ ವ್ಯತ್ಯಾಸ ಇರಬೇಕೆಂದೇನಿಲ್ಲ. ಅದಕ್ಕೇ ಮಾರ್ಕರ್ ದೂರಕ್ಕೂ ಹೆಟೆರೋಸಿಸ್‌ಗೂ (ಹೈಬ್ರಿಡ್ ತಂದೆತಾಯಿಯನ್ನು ಮೀರಿಸುವ ಗುಣ) ನಂಟು ಒಂದು ಪ್ರಯೋಗದಲ್ಲಿ ಕಾಣುತ್ತದೆ, ಇನ್ನೊಂದರಲ್ಲಿ ಕಾಣುವುದಿಲ್ಲ. ದೂರ ತೀರಾ ಜಾಸ್ತಿಯಾದರೆ ಬೇರೆಯದೇ ತಾಪತ್ರಯ. ಭತ್ತದ ಎರಡು ದೊಡ್ಡ ಗುಂಪುಗಳಾದ ಇಂಡಿಕಾ, ಜಪೋನಿಕಾ ಕ್ರಾಸ್ ಮಾಡಿ ನೋಡಿ. ಗಿಡ ಸೊಂಪಾಗಿ ಬೆಳೆಯುತ್ತದೆ, ತೆನೆಯಲ್ಲಿ ಬರೀ ಜೊಳ್ಳು. 6ನೇ ಕ್ರೋಮೋಸೋಮಿನ ಎಸ್5 ಜೀನ್ ಇದಕ್ಕೆ ಒಂದು ದೊಡ್ಡ ಕಾರಣ.

ಹಾಗಾದರೆ ಲಾಭ ಎಲ್ಲಿ? ನಿಮ್ಮ ಲೆಕ್ಕದಲ್ಲಿ 104 ಕ್ರಾಸ್ ಆಗುತ್ತವೆ. ಅಷ್ಟಕ್ಕೂ ಹೂ ಬಿಡುವ ದಿನ ಹೊಂದಿಸಿ, ಬೀಜ ಮಾಡಿ, ಟ್ರಯಲ್ ಹಾಕುವುದು ಒಬ್ಬ ವಿದ್ಯಾರ್ಥಿಯ ಕೈಲಾಗದ ಕೆಲಸ. ನಮ್ಮ ದೇಶದ ಎಷ್ಟೋ ಆರ್ ಲೈನ್‌ಗಳ ವಂಶ ಫಿಲಿಪ್ಪೀನ್ಸ್‌ನ ಇರ‍್ರಿ ಸಂಸ್ಥೆಯ ತಳಿಗಳಿಗೇ ಹೋಗಿ ಸೇರುತ್ತದೆ. ಹೆಸರು ಬೇರೆ ಬೇರೆ, ಒಳಗೆ ಒಂದೇ ಮನೆಯ ಅಣ್ಣತಮ್ಮಂದಿರು. ಡೆಂಡ್ರೋಗ್ರಾಂನಲ್ಲಿ, ಅಂದರೆ ಹೋಲಿಕೆ ತೋರಿಸುವ ಕವಲು ಚಿತ್ರದಲ್ಲಿ, ಇಂಥವು ಒಂದೇ ಗೊಂಚಲಲ್ಲಿ ಕೂರುತ್ತವೆ. ಪ್ರತಿ ಗೊಂಚಲಿಂದ ಒಂದೆರಡು ತೆಗೆದುಕೊಂಡು ಲೈನ್ ಟೆಸ್ಟರ್ ಮಾಡಿ, ಅಂದರೆ ಅವನ್ನು ಎಲ್ಲ ಎ ಲೈನ್‌ಗಳ ಜೊತೆ ಕ್ರಾಸ್ ಮಾಡಿ ಹೋಲಿಸಿ. ಯಾವ ಲೈನ್ ಒಳ್ಳೆಯ ಹೈಬ್ರಿಡ್ ಕೊಡುತ್ತದೆ ಅನ್ನುವ ಸಂಯೋಜನಾ ಸಾಮರ್ಥ್ಯವನ್ನು ಹೊಲವೇ ಹೇಳಬೇಕು.

ಎ ಲೈನ್, ಬಿ ಲೈನ್ ಎರಡನ್ನೂ ಡೆಂಡ್ರೋಗ್ರಾಂಗೆ ಸುಮ್ನೆ ಹಾಕಬೇಡಿ. ಬಿ ಒಂದೇ ಸಾಕು. ಎ ಲೈನನ್ನು ಮತ್ತೆ ಮತ್ತೆ ಬಿ ಜೊತೆಗೇ ಬ್ಯಾಕ್‌ಕ್ರಾಸ್ ಮಾಡಿರುವುದರಿಂದ ಎರಡರ ನ್ಯೂಕ್ಲಿಯಸ್ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಮೈಟೋಕಾಂಡ್ರಿಯಾದಲ್ಲಿ. ನ್ಯೂಕ್ಲಿಯರ್ ಮಾರ್ಕರ್‌ನಲ್ಲಿ ಎ, ಬಿ ತುಂಬಾ ಬೇರೆ ಕಂಡರೆ ಮೊದಲು ಬೀಜ ಬೆರಕೆಯಾಗಿದೆಯಾ ನೋಡಿ.

ಇಲ್ಲೇ ಒಂದು ಮಾತು ಸೇರಿಸುತ್ತೇನೆ, ಥೀಸಿಸ್‌ಗಳಲ್ಲಿ ಇದು ಬರುವುದೇ ಕಡಿಮೆ. ಭಾರತದ ಬಹುಪಾಲು ಹೈಬ್ರಿಡ್‌ಗಳ ತಾಯಿ ಕಡೆಯ ಸೈಟೋಪ್ಲಾಸಂ (ಜೀವಕೋಶದಲ್ಲಿ ನ್ಯೂಕ್ಲಿಯಸ್ಸಿನ ಹೊರಗಿನ, ಮೈಟೋಕಾಂಡ್ರಿಯಾ ಇರುವ ಭಾಗ) ಒಂದೇ. ಅದು 1970ರಲ್ಲಿ ಚೀನಾದ ಹೈನಾನ್‌ನಲ್ಲಿ ಸಿಕ್ಕ ಕಾಡು ಭತ್ತದ್ದು, ಡಬ್ಲ್ಯೂಎ (ವೈಲ್ಡ್ ಅಬಾರ್ಟಿವ್) ಅನ್ನುತ್ತಾರೆ. ನಿಮ್ಮ ಎಸ್‌ಎಸ್‌ಆರ್ ಎಷ್ಟೇ ವೈವಿಧ್ಯ ತೋರಿಸಲಿ, ಈ ಏಕರೂಪತೆ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಅದೇ 1970ರಲ್ಲಿ ಅಮೆರಿಕದ ಜೋಳ, ಅಂದರೆ ಮೆಕ್ಕೆಜೋಳ, ಒಂದೇ ಟಿ ಸೈಟೋಪ್ಲಾಸಂ ನಂಬಿಕೊಂಡು ಎಲೆ ರೋಗಕ್ಕೆ ತುತ್ತಾಗಿತ್ತು. ಭತ್ತಕ್ಕೆ ಹಾಗೇ ಆಗುತ್ತದೆ ಅಂತಲ್ಲ. ಆದರೆ ಚರ್ಚೆಯಲ್ಲಿ ಒಂದು ಪ್ಯಾರಾ ಬರೆಯಿರಿ.

ಮಾರ್ಕರ್ ಎಷ್ಟು ಬೇಕು ಅಂದರೆ, 12 ಕ್ರೋಮೋಸೋಮಿಗೂ ಹಂಚಿ, ಒಂದಕ್ಕೆ ಮೂರ‍್ನಾಲ್ಕು ಇರಲಿ. ಪಿಐಸಿ, ಅಂದರೆ ಮಾರ್ಕರ್ ಲೈನ್‌ಗಳನ್ನು ಎಷ್ಟು ಬೇರ್ಪಡಿಸುತ್ತದೆ ಅನ್ನುವ ಅಳತೆ, ನೋಡಿ ಆರಿಸಿ. ಸಾಮಾನ್ಯವಾಗಿ ಬಳಸುವ ಸರಳ ಸೂತ್ರದಲ್ಲಿ, ಎರಡು ಅಲೀಲ್ (ಒಂದೇ ಮಾರ್ಕರ್‌ನ ಬೇರೆ ಬೇರೆ ರೂಪ) ಸಮಸಮ ಇದ್ದರೆ ಬೆಲೆ 0.5. ಒಂದೇ ಅಲೀಲ್ ನೂರಕ್ಕೆ 90 ಭಾಗ ಇದ್ದರೆ 0.18ಕ್ಕೆ ಇಳಿಯುತ್ತದೆ, ಅಂಥದ್ದು ಹೆಚ್ಚೇನೂ ಹೇಳುವುದಿಲ್ಲ. ಅಲೀಲ್‌ಗಳ ಉದ್ದದಲ್ಲಿ ನಾಲ್ಕೈದು ಬೇಸ್ (ಡಿಎನ್‌ಎ ಅಕ್ಷರ) ವ್ಯತ್ಯಾಸ ಅಗರೋಸ್ ಜೆಲ್‌ನಲ್ಲಿ ಕಾಣುವುದು ಕಷ್ಟ, ಸಾಧ್ಯವಿದ್ದರೆ ಅಕ್ರಿಲಮೈಡ್ ಬಳಸಿ. ಬ್ಯಾಂಡ್ ಬಾರದ ಕಡೆ ಸೊನ್ನೆ ಹಾಕಿಬಿಡಬೇಡಿ, ಪಿಸಿಆರ್ (ಡಿಎನ್‌ಎ ನಕಲು ಮಾಡುವ ಹಂತ) ಕೈಕೊಟ್ಟಿರಬಹುದು, ಅಲ್ವಾ?

ಆರ್ ಲೈನ್‌ಗಳಿಗೆ ಆರ್‌ಎಂ6100 ಮಾರ್ಕರ್ ಕೂಡ ಹಾಕಿ. ಅದು 10ನೇ ಕ್ರೋಮೋಸೋಮಿನ ಆರ್‌ಎಫ್4 ಪಕ್ಕದಲ್ಲಿದೆ, ಫಲವತ್ತತೆ ಮರಳಿಸುವ ಜೀನ್ ಇರುವ ಸೂಚನೆ ಕೊಡುತ್ತದೆ. ಎ ಲೈನ್ ಜೊತೆ ಟೆಸ್ಟ್ ಕ್ರಾಸ್ ಆಮೇಲೂ ಬೇಕೇ ಬೇಕು.

ತಂದೆ ತಾಯಿ ನಡುವೆ ಬೇರೆ ಬ್ಯಾಂಡ್ ಕೊಟ್ಟ ಮಾರ್ಕರ್‌ಗಳನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ. ಮಂಡ್ಯದ ಕೆಆರ್‌ಎಚ್-2 ಹೈಬ್ರಿಡ್ ತೆಗೆದುಕೊಳ್ಳಿ. ತಾಯಿ ಐಆರ್58025ಎ, ತಂದೆ ಕೆಎಂಆರ್-3. ನಿಜವಾದ ಹೈಬ್ರಿಡ್ ಸಸಿಯಲ್ಲಿ ಇಬ್ಬರ ಬ್ಯಾಂಡೂ ಬರುತ್ತದೆ, ಬೆರಕೆ ಸಸಿಯಲ್ಲಿ ಒಂದೇ. ಬೀಜದ ಶುದ್ಧತೆ ನೋಡಲು ಒಂದು ಹಂಗಾಮು ಪೂರ್ತಿ ಗದ್ದೆಯಲ್ಲಿ ಬೆಳೆಸಿ ಕಾಯಬೇಕಿಲ್ಲ.